ಬಾಗಿಲು ತಟ್ಟಿ

ಫೆಬ್ರವರಿ 9

ಅತ್ತೆಗೆ ಪಿಟೀಲಿನ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ "ಬರೆದು ಕಳಿಸು" ಎಂದು ಇಟ್ಟುಬಿಡುತ್ತೀರಿ. ಬರವಣಿಗೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎನ್ನುವ ಆಫೀಸಿನ ಚಾಳಿ ನಿವೃತ್ತಿಯಾದರೂ ನಿಮ್ಮನ್ನು ಬಿಟ್ಟಿಲ್ಲ. ಇರಲಿ, ಬರೆಯುತ್ತಿದ್ದೇನೆ. ಚಿಕ್ಕವಳಿದ್ದಾಗ ದಿನವಿಡೀ ಪಿಟೀಲು ಕೊಯ್ಯುತ್ತೇನೆಂದು ಹೆಸರಿಟ್ಟವರು ನೀವೇ. ಈಗ ಕೂತು ಕೇಳಿ.

ನೀರು ಮಂಡಳಿಗೆ ಹೊಸ ಸಾಹೇಬರು ಬಂದಿದ್ದಾರೆ. ನಮ್ಮ ಹಳೆಯ ಮೇನ್‌ಫ್ರೇಮನ್ನು ಈ ವರ್ಷ ನಿಲ್ಲಿಸಿ ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಬೇಕಂತೆ. ಯಾವ ಮನೆಯ ನೀರಿನ ಲೆಕ್ಕ ಅನುಮಾನ ತರುತ್ತದೆ, ಅಲ್ಲಿಗೆ ಫಿಟ್ಟರನ್ನು ಕಳಿಸಬೇಕೇ ಎಂದು ತೀರ್ಮಾನಿಸುವ ಪ್ರೋಗ್ರಾಂ ನನ್ನ ಪಾಲಿಗೆ ಬಂದಿದೆ. ನೀವೂ ನಿಮ್ಮ ಕಾಲದವರೂ ಬರೆದದ್ದು. ತೆರೆದು ನೋಡಿದರೆ ಅರ್ಧಕ್ಕರ್ಧ ಸತ್ತ ಸಾಲುಗಳು. ಒಂದು ಸಾಲು ಬೇಡವೆನಿಸಿದರೆ ಅಳಿಸಬಾರದೇ? ಯಂತ್ರ ಅದನ್ನು ಓದದ ಹಾಗೆ ಮುಂದೆ ಒಂದು ಚುಕ್ಕಿ ಇಟ್ಟು, ಅಂಚಿನಲ್ಲಿ ಗುರುತು ಹಾಕಿ, ತಾರೀಖು ಬರೆದು ಅಲ್ಲೇ ಮಲಗಿಸಿದ್ದೀರಿ. ಸಾಹೇಬರು ನೋಡಿ ನಕ್ಕರು. "ಇದೇನ್ರೀ, ಪ್ರೋಗ್ರಾಮೋ ಸ್ಮಶಾನಾನೋ? ಚುಕ್ಕಿ ಇರೋದನ್ನೆಲ್ಲ ಕಿತ್ತು ಬಿಸಾಕಿ" ಎಂದರು. ನನಗೂ ಅವರ ಮಾತು ಸರಿಯೆನಿಸಿತು. ನೀವು ಕಲಿಸಿದ ಪದ್ಧತಿಗಳಿಂದ ಈಗ ಏನಾದರೂ ಉಪಯೋಗ ಇದೆಯೇ, ನಿಜ ಹೇಳಿ. ಅಭಿಮಾನಕ್ಕೆ ಹೇಳಬೇಡಿ.

ಇನ್ನೊಂದು ವಿಷಯ. ನಿಮ್ಮ ಕಡೆಗೆ ನೀರು ಬರುವ ಮೇಲಿನ ಲೈನಿಗೆ ಹೊಸ ಫಿಟ್ಟರ್ ಬಂದಿದ್ದಾನೆ. ದೊಡ್ಡ ಬಾಯಿಯ ಮನುಷ್ಯ. ಮೊನ್ನೆ ವಾಷರ್ ತೆಗೆದುಕೊಳ್ಳಲು ಬಂದವನು ಸೀದಾ ನನ್ನ ಮೇಜಿಗೆ ಬಂದು ಫೋನ್ ಮುಖಕ್ಕೆ ಹಿಡಿದ.

"ಮೇಡಂ, ನಿಮ್ಮ ಮಷೀನಿಗೆ ತಲೆ ಕೆಟ್ಟಿದ್ಯಾ? ದಿನಾ 'ಮೀಟರ್ ನೋಡಿ' ಅಂತ ಕಳಿಸೋದು ಇದೇನು ಕಳಿಸಿದೆ ನೋಡಿ."

ಒಂದು ಮನೆಯ ನಂಬರು, ಅದರ ಕೆಳಗೆ "ಬಾಗಿಲು ತಟ್ಟಿ" ಎಂದಿತ್ತು. ಯಾರೋ ತಮಾಷೆ ಮಾಡಿದ್ದಾರೆಂದು ಬೈದುಕೊಂಡೇ ಹೋಗಿ ತಟ್ಟಿದನಂತೆ. ಉತ್ತರವಿಲ್ಲ. ಬಾಗಿಲು ತಳ್ಳಿದರೆ ಬಚ್ಚಲಿನ ನೆಲದ ಮೇಲೆ ವಯಸ್ಸಾದ ಗಡಿಯಾರ ರಿಪೇರಿಯವರು ಕೂತಿದ್ದಾರೆ, ಕಾಲು ಮುರಿದಿದೆ, ಕೂಗಲು ಧ್ವನಿಯಿಲ್ಲ. ಆಸ್ಪತ್ರೆಗೆ ಸೇರಿಸಿದ, ಉಳಿದುಕೊಂಡರು. "ಅವರು ಬಿದ್ದಿದ್ದು ಆಫೀಸಿಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದ. ನನಗೇನು ಗೊತ್ತು? ಕಾಕತಾಳೀಯ ಎಂದು ಹೇಳಿ ಕಳಿಸಿದೆ.

ಅತ್ತೆ, ಆ ಮನೆ ನಿಮ್ಮ ಬೀದಿಗೆ ದೂರವೇನಲ್ಲ. ಅವರೂ ನಿಮ್ಮ ಹಾಗೆ ಒಬ್ಬರೇ ಇದ್ದವರು. ಇಲ್ಲಿಗೆ ಬಂದುಬಿಡಿ ಎಂದು ಮತ್ತೆ ಹೇಳುತ್ತೇನೆ. ಅಪ್ಪ ಬಾಯಿಬಿಟ್ಟು ಕರೆಯುವುದಿಲ್ಲ. ಆದರೆ ಕಾಗದ ಬಂದಾಗಲೆಲ್ಲ ಪೇಪರಿನ ಹಿಂದಿನಿಂದ "ಬರೆದಳಾ?" ಎಂದು ಕೇಳುತ್ತಾರೆ.

ನಿಮ್ಮ
ಪಿಟೀಲು

•

ಫೆಬ್ರವರಿ 17

ಪಿಟೀಲು,

ಕಾಗದ ಮುಟ್ಟಿತು. ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲು.

ನಿಮ್ಮಪ್ಪನ ಮನೆಯಲ್ಲಿ ಕೋಣೆ ಖಾಲಿ ಇರಬಹುದು. ಅವನ ಬಾಯಿ ಖಾಲಿ ಇರುವುದಿಲ್ಲ. ಒಂದೇ ವಾರದಲ್ಲಿ ನಾನು ಅವನಿಗೆ ಏನಾದರೂ ಅಂದುಬಿಡುತ್ತೇನೆ, ಅವನು ಊಟ ಬಿಟ್ಟು ಕೂರುತ್ತಾನೆ, ಮಧ್ಯೆ ನೀನು ಅಳುತ್ತೀಯ. ನನಗೆ ಇಲ್ಲಿ ಕಿಟಕಿಯಿದೆ, ಬೀದಿಯಿದೆ, ಜಗಳಕ್ಕೆ ಮನೆ ಮಾಲೀಕನಿದ್ದಾನೆ. ಆ ಮಾತು ಬಿಡು.

ನಿನ್ನ ಪ್ರಶ್ನೆಗೆ ಬರೋಣ. ಎಲ್ಲ ಹಳೆಯದೂ ಬಂಗಾರ ಎಂದು ನಾನು ಹೇಳುವುದಿಲ್ಲ. ಪ್ರತಿ ಸಾಲಿಗೂ ಸಂಖ್ಯೆ ಕೊಡುತ್ತಿದ್ದದ್ದು ಸಾಲಿಗೊಂದರಂತೆ ತೂತು ಕೊರೆದ ಕಾರ್ಡಿನ ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಲು. ಈಗ ಬೀಳುವುದಕ್ಕೆ ಕಾರ್ಡೇ ಇಲ್ಲ, ಅದನ್ನು ಧಾರಾಳವಾಗಿ ಬಿಡಿ. ಚುಕ್ಕಿಯ ಮಾತು ಬೇರೆ. ಬಣ್ಣದ ಕಾರ್ಖಾನೆಯ ಬೀದಿಯ ಮೀಟರುಗಳು ತೊಟ್ಟಿ ತೊಳೆಯುವ ದಿನ ಹುಚ್ಚೆದ್ದು ತಿರುಗುತ್ತಿದ್ದವು. ಆ ಬೀದಿಯನ್ನು ಲೆಕ್ಕದಿಂದ ಬಿಡಲು ಒಬ್ಬ ಒಂದು ಸಾಲು ಸೇರಿಸಿದ. ಆ ಸಾಲಿನಿಂದ ಅದೇ ಬೀದಿಯ ಆಸ್ಪತ್ರೆಯೂ ಲೆಕ್ಕ ತಪ್ಪಿತು, ಇನ್ನೊಬ್ಬ ಚುಕ್ಕಿ ಇಟ್ಟು ತೆಗೆದ. ಮೂರನೆಯವನು ಬಂದು ಅದೇ ಸಾಲನ್ನು ಮತ್ತೆ ಸೇರಿಸಲು ಹೊರಟಾಗ ಕಣ್ಣಿಗೆ ಬಿದ್ದದ್ದು ಆ ಚುಕ್ಕಿಯ ಸಾಲು, ಪಕ್ಕದಲ್ಲಿ ಕಾರಣ. ಕೈ ತಡೆಯಿತು. ಸತ್ತ ಸಾಲು ಕೆಲಸ ಮಾಡುವುದು ಹಾಗೆ. ನಿಮ್ಮ ಸಾಹೇಬರಿಗೆ ಇದನ್ನು ಹೇಳು, ಸ್ಮಶಾನ ಎಂದು ನಗುವ ಮುಂಚೆ ಯಾರು ಯಾಕೆ ಸತ್ತರೆಂದು ಓದಲಿ.

ಈಗ ಆ ಫಿಟ್ಟರನ ವಿಷಯ. ನಮ್ಮ ಪ್ರೋಗ್ರಾಮಿನಲ್ಲಿ "ಬಾಗಿಲು ತಟ್ಟಿ" ಎಂಬ ಮಾತಿಲ್ಲ. "ಮೀಟರ್ ನೋಡಿ" ಮಾತ್ರ. ನಾನು ಅದನ್ನು ಮಗ್ಗಿಯ ಹಾಗೆ ಬಲ್ಲೆ. ಆದ್ದರಿಂದ ನೀನು ಏನನ್ನೂ ಕೀಳುವ ಮೊದಲು ಒಂದು ಕೆಲಸ ಮಾಡು. ನಾವು ಓದುವ ಸೋರ್ಸ್ ಬೇರೆ, ಅದನ್ನು ಕಂಪೈಲ್ ಮಾಡಿದ ಮೇಲೆ ಯಂತ್ರ ಓಡಿಸುವ ಪ್ರತಿ ಬೇರೆ. ಎರಡೂ ಒಂದೇ ಎಂದು ನೀನು ನಂಬಿದ್ದೀಯ. ನಂಬಬೇಡ. ಸೋರ್ಸಿನ ಒಂದಕ್ಷರವನ್ನೂ ಮುಟ್ಟದೆ ಕಂಪೈಲ್ ಮಾಡಿ, ಈಗ ಓಡುತ್ತಿರುವ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸು. ಓಡುತ್ತಿರುವುದರ ನಕಲನ್ನು ಬೇರೆ ಜಾಗದಲ್ಲಿ ತೆಗೆದಿಡು. ನಾವು ಯಾರೂ ಇದನ್ನು ಮಾಡದೆ ಕೈ ಹಾಕುತ್ತಿರಲಿಲ್ಲ.

ನೆಗಡಿಯಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಅದಕ್ಕೂ ಒಂದು ಕಾಗದ ಬರೆಯಬೇಡ.

ಅತ್ತೆ

•

ಮಾರ್ಚ್ 2

ಅತ್ತೆ,

ಹೋಲಿಸಿದೆ. ಎರಡೂ ಒಂದೇ ಅಲ್ಲ.

ಓಡುತ್ತಿರುವ ಪ್ರತಿ ದೊಡ್ಡದು. ಅದರಲ್ಲಿರುವುದನ್ನು ಮನುಷ್ಯರು ಓದಲಾಗುವುದಿಲ್ಲ, ಆದರೆ ಸಂದೇಶಗಳು ಮಾತ್ರ ಇದ್ದಹಾಗೇ ಕಾಣುತ್ತವಲ್ಲ, ಅವುಗಳನ್ನು ಹುಡುಕಿದೆ. "ಮೀಟರ್ ನೋಡಿ" ಇತ್ತು. ಅದರ ಬೆನ್ನಿಗೇ "ಬಾಗಿಲು ತಟ್ಟಿ" ಇತ್ತು. ಅತ್ತೆ, ಹಾಡುಹಗಲು, ಸುತ್ತ ಜನ, ಪಕ್ಕದ ಮೇಜಿನವನು ಕಡಲೆ ತಿನ್ನುತ್ತಿದ್ದ. ಆದರೂ ನನ್ನ ಕುರ್ಚಿಯನ್ನು ಅವನ ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

ಈ ಪ್ರತಿಯ ಸೋರ್ಸ್ ಎಲ್ಲೂ ಇಲ್ಲ. ಟೇಪುಗಳನ್ನೆಲ್ಲ ಜಾಲಾಡಿದೆ. ಕಂಪೈಲ್ ಮಾಡಿದವರ ಗುರುತು ಅದರಲ್ಲೇ ಇದೆ: ಚುಕ್ಕಿ ಸರ್. ನಾನು ಕೆಲಸಕ್ಕೆ ಸೇರುವ ಮುಂಚೆಯೇ ತೀರಿಕೊಂಡವರು, ನಿಮ್ಮ ಪಕ್ಕದ ಮೇಜಿನವರು, ಸಾಲುಗಳಿಗೆ ಚುಕ್ಕಿಯಿಡುವುದನ್ನು ಎಲ್ಲರಿಗೂ ಕಲಿಸಿ ಆ ಹೆಸರು ಗಳಿಸಿದವರು ಎಂದಷ್ಟೇ ಗೊತ್ತು. ತಾರೀಖು, ನಾನು ಸೇರುವ ಹಿಂದಿನ ವರ್ಷದ ನವೆಂಬರ್ 23.

ಫಿಟ್ಟರ್ ಮತ್ತೆ ಬಂದಿದ್ದ. ಈ ಸಲ ಬಾಯಿ ಚಿಕ್ಕದಾಗಿತ್ತು. ಇನ್ನೊಂದು ಮನೆಗೆ "ಬಾಗಿಲು ತಟ್ಟಿ" ಎಂದು ಬಂದಿತ್ತಂತೆ. ತಟ್ಟಿದರೆ ಒಬ್ಬ ಹೆಂಗಸು ನಗುನಗುತ್ತ ಬಾಗಿಲು ತೆಗೆದರು. ಗಟ್ಟಿಮುಟ್ಟಾಗಿದ್ದರು, ಕೈಯಲ್ಲಿ ಪೊರಕೆಯಿತ್ತು. ಇವನಿಗೆ ಏನು ಹೇಳಬೇಕೆಂದು ತೋಚದೆ ಕುಡಿಯಲು ನೀರು ಕೇಳಿದ.

"ನೀರಿನೋರಿಗೇ ನೀರು ಬೇಕಾ ಅಂತ ನಕ್ಕು ಒಳಗೆ ಹೋದ್ರು ಮೇಡಂ. ಲೋಟ ತಂದು ನನ್ನ ಕೈಗೆ ಕೊಟ್ರು. ಕೊಟ್ಟೋರು ಹಂಗೇ ಹೊಸಿಲ ಮೇಲೆ ಕೂತುಬಿಟ್ರು. ಆಸ್ಪತ್ರೆ ದಾರೀಲೇ ಹೋಗ್ಬಿಟ್ರು. ಕೊನೇವರೆಗೂ ನನ್ನ ತೋಳು ಬಿಡಲಿಲ್ಲ."

ಆ ಮನೆಯ ಲೆಕ್ಕ ತೆಗೆಸಿದೆ. ಗಡಿಯಾರದವರ ಮನೆಯದನ್ನೂ ತೆಗೆಸಿದೆ. ಎರಡರಲ್ಲೂ ಏನೂ ಇಲ್ಲ. ಎಂದಿನಷ್ಟೇ ನೀರು, ಎಂದಿನ ಹೊತ್ತಿಗೇ. ಆ ಹೆಂಗಸಿಗೆ ಏನೂ ಆಗುವ ಮೊದಲೇ ಸಂದೇಶ ಹೋಗಿದೆ. ಪ್ರೋಗ್ರಾಮಿಗೆ ಸಿಗುವುದು ನೀರಿನ ಲೆಕ್ಕ ಬಿಟ್ಟರೆ ಬೇರೇನೂ ಅಲ್ಲ. ಮತ್ತೆ ಅದು ಏನನ್ನು ನೋಡಿ ಹೇಳಿತು?

ಇವನಿಗಿಂತ ಮುಂಚೆ ಆ ಲೈನಿನಲ್ಲಿದ್ದ ಮುದುಕ ಫಿಟ್ಟರನನ್ನು ಇವನು ಹುಡುಕಿಕೊಂಡು ಹೋಗಿ ಕೇಳಿದ್ದಾನೆ. ಅವನು ಆಶ್ಚರ್ಯವನ್ನೇ ಪಡಲಿಲ್ಲವಂತೆ. "ಹೂಂ, ಬರ್ತಿತ್ತು ಆಗಾಗ. ತಟ್ಟು ಅಂದ್ರೆ ತಟ್ತಿದ್ದೆ. ಅದರಲ್ಲಿ ಕೇಳೋದೇನಿದೆ?" ಎಂದನಂತೆ.

ಇಷ್ಟು ವರ್ಷವೂ ಬರುತ್ತಿತ್ತು, ಅತ್ತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?

ಪಿಟೀಲು

•

ಮಾರ್ಚ್ 20

ಪಿಟೀಲು,

ತಡವಾಯಿತು. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ.

ನನಗೆ ಗೊತ್ತಿರಲಿಲ್ಲ. ಚುಕ್ಕಿ ಸರ್ ಹೇಗೆ ಹೋದರೆಂದು ಮನೆಯಲ್ಲಿ ನಾನು ಯಾವತ್ತೂ ಹೇಳಿಲ್ಲ. ನಿಮ್ಮಪ್ಪ ಒಂದು ಸಲ ಏನೋ ಕೇಳಿದ, ನಾನು ಏನೋ ಅಂದೆ, ಅಲ್ಲಿಂದ ಮಾತು ನಿಂತದ್ದು ನಿಂತೇಹೋಯಿತು.

ಅವರು ಒಬ್ಬರೇ ಇದ್ದರು. ಮನೆಯಲ್ಲಿ ಬಿದ್ದವರಿಗೆ ಏಳಲಾಗಲಿಲ್ಲ. ರಜೆ ಹಾಕಿದ್ದರು, ಆದ್ದರಿಂದ ಆಫೀಸಿನಲ್ಲಿ ಯಾರೂ ಹುಡುಕಲಿಲ್ಲ. ಮನೆಯ ನಲ್ಲಿ ತೆರೆದಿತ್ತು, ನೀರು ಹರಿಯುತ್ತಲೇ ಇತ್ತು. ಮೀಟರಿನ ಲೆಕ್ಕ ಆಗಲೇ ತಂತಿಯಲ್ಲಿ ಬರುತ್ತಿದ್ದ ಕಾಲ. ನಮ್ಮ ಪ್ರೋಗ್ರಾಂ ತನ್ನ ಕೆಲಸವನ್ನು ತಪ್ಪದೆ ಮಾಡಿತು. ಅನುಮಾನದ ಮನೆ ಎಂದು ಗುರುತಿಸಿ "ಮೀಟರ್ ನೋಡಿ" ಎಂದು ಫಿಟ್ಟರನನ್ನು ಕಳಿಸಿತು. ಅವನೂ ತನ್ನ ಕೆಲಸವನ್ನು ತಪ್ಪದೆ ಮಾಡಿದ. ಮೀಟರ್ ಇರುವುದು ಹೊರಗಿನ ಗೋಡೆಯಲ್ಲಿ. ನೋಡಿದ, ತಿರುಗುತ್ತಿದೆ ಎಂದು ಬರೆದುಕೊಂಡ, ಹೋದ. ಮಾರನೆಯ ದಿನ ಮತ್ತೆ ಕಳಿಸಿತು, ಮತ್ತೆ ನೋಡಿ ಹೋದ. ಗೋಡೆಯ ಆಚೆ ಅವರು ಬದುಕಿದ್ದರು. ಆಮೇಲೆ ವೈದ್ಯರು ಹೇಳಿದರು, ಕೆಲವು ದಿನ ಬದುಕಿದ್ದರು ಎಂದು. ಯಾರನ್ನು ಬೈಯಲಿ? ನೋಡು ಎಂದದ್ದನ್ನು ನೋಡಿದ. ಬಾಗಿಲು ತಟ್ಟು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ನೀನು ಬರೆದಿರುವ ತಾರೀಖನ್ನು ನಾನು ಹಲವು ಸಲ ಓದಿದೆ. ನವೆಂಬರ್ 23. ಅಷ್ಟು ಹೊತ್ತಿಗೆ ಅವರ ಅಂತ್ಯಕ್ರಿಯೆ ಮುಗಿದು, ಅವರ ಮೇಜು ಖಾಲಿ ಮಾಡಿ, ಡ್ರಾಯರಿನಲ್ಲಿದ್ದ ಕನ್ನಡಕವನ್ನು ನಾನೇ ಅವರ ತಂಗಿಗೆ ಕೊಟ್ಟುಬಂದಿದ್ದೆ. ಅವರ ಗುರುತನ್ನು ಯಂತ್ರದಿಂದ ರದ್ದು ಮಾಡಿದ್ದೂ ನಾನೇ. ರದ್ದಾದ ಗುರುತಿನಿಂದ ಯಾರೂ ಕಂಪೈಲ್ ಮಾಡಲಾಗದು. ನಾನು ಮಾಡಿಲ್ಲ. ಅವರು ಹೋದ ಮೇಲೆ ಉಳಿದವರು ನಾವು ಇಬ್ಬರೇ, ಇನ್ನೊಬ್ಬನಿಗೆ ಆ ಪ್ರೋಗ್ರಾಮಿನ ತಲೆಬುಡ ತಿಳಿಯುತ್ತಿರಲಿಲ್ಲ.

ಅವರು ನನ್ನ ಮೇಜಿನ ಮೇಲೆ ಬಾಗಿ, "ಸೋರ್ಸ್ ಇಲ್ಲದ್ದು ಓಡಬಾರದು, ತಿಳೀತಾ?" ಎಂದು ಅದೆಷ್ಟು ಸಲ ಹೇಳಿಲ್ಲ. ಆ ಮನುಷ್ಯನ ಗುರುತಿನಲ್ಲೇ ಸೋರ್ಸ್ ಇಲ್ಲದ ಪ್ರತಿ ಓಡುತ್ತಿದೆ. ಇದು ಅವರ ಕೆಲಸವಲ್ಲ. ಅವರದೇ ಆಗಿದ್ದರೂ ನನಗೆ ಬೇಡ. ತೆಗೆದುಹಾಕು.

ಅತ್ತೆ

•

ಏಪ್ರಿಲ್ 6

ಅತ್ತೆ,

ನಾನು ತೆಗೆಯಬೇಕಾಗಲಿಲ್ಲ. ನಿಮ್ಮ ಕಾಗದ ಬಂದ ವಾರವೇ, ಹೊಸ ಯಂತ್ರಕ್ಕೆ ಸಾಗಿಸಲು ಸಾಹೇಬರು ಕರೆಸಿದ ಗುತ್ತಿಗೆ ಕಂಪನಿಯವನು ಚುಕ್ಕಿಯ ಸಾಲುಗಳನ್ನೆಲ್ಲ ಕಿತ್ತು, ಉಳಿದ ಸೋರ್ಸನ್ನು ಕಂಪೈಲ್ ಮಾಡಿ, ಓಡುತ್ತಿದ್ದ ಪ್ರತಿಯ ಮೇಲೆಯೇ ಕೂರಿಸಿಬಿಟ್ಟ. ಹೋಲಿಸಲೂ ಇಲ್ಲ, ನಕಲು ತೆಗೆದಿಡಲೂ ಇಲ್ಲ. ಸಾಹೇಬರು ಅವನ ಬೆನ್ನು ತಟ್ಟಿದರು. ಬಣ್ಣದ ಕಾರ್ಖಾನೆಯ ಬೀದಿಯನ್ನು ಬಿಡುವ ಅದೇ ಸಾಲನ್ನು ಆಗಲೇ ಮತ್ತೆ ಸೇರಿಸಿ ಆಸ್ಪತ್ರೆಯ ಲೆಕ್ಕ ತಪ್ಪಿಸಿದ್ದಾನೆ, ಅದನ್ನು ನೀವು ನಗಲಿ ಎಂದು ಬರೆಯುತ್ತಿದ್ದೇನೆ.

ಬಾಗಿಲು ತಟ್ಟುವ ಸಂದೇಶ ನಿಂತಿತು. ಫಿಟ್ಟರ್ ನಿರಾಳವಾದ. "ಅಬ್ಬಾ, ದೆವ್ವ ಬಿಟ್ಟಂಗಾಯ್ತು ಮೇಡಂ" ಎಂದು ಎಲ್ಲರಿಗೂ ಬಿಸ್ಕತ್ತು ಹಂಚಿದ. ನಾನೂ ಹಾಯಾಗಿ ನಿದ್ದೆ ಮಾಡಿದೆ.

ನಿನ್ನೆ ಮತ್ತೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಲಿನ ಲೈನಲ್ಲಿ ಹೊಲಿಗೆ ಟೀಚರ್ ಒಬ್ರಿದ್ರು ಮೇಡಂ. ಬಾಡಿಗೆ ಕೇಳೋಕೆ ಹೋದೋರು ನೋಡಿದ್ದು. ತುಂಬಾ ದಿನ ಆಗಿತ್ತು. ಬಾಗಿಲ ಹತ್ರಾನೇ ಬಿದ್ದಿದ್ರು, ಚಿಲಕ ಎಟುಕಿಲ್ಲ. ಆ ಮನೆಗೆ 'ಮೀಟರ್ ನೋಡಿ' ಅಂತ ಬಂದಿತ್ತು. ನಾನು ಹೋಗಿದ್ದೆ. ಹೊರಗೇ ನಿಂತು ನೋಡ್ಕೊಂಡು ಬಂದೆ."

ಅವನು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಅತ್ತೆ, ಹಳೆಯ ಪ್ರತಿ ನನ್ನ ಹತ್ತಿರ ಇದೆ. ನೀವು ಹೇಳಿದ್ದಿರೆಂದು ಬೇರೆ ಜಾಗದಲ್ಲಿ ತೆಗೆದಿಟ್ಟಿದ್ದೆ. ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಸಾಹೇಬರ ಹತ್ತಿರ ಸುಮ್ಮನೆ ಮಾತು ತೆಗೆದೆ. "ಯಾರು ಬರೆದ್ರೋ ಗೊತ್ತಿಲ್ಲ, ಏನು ಮಾಡುತ್ತೋ ಗೊತ್ತಿಲ್ಲ, ಅಂಥದ್ದನ್ನ ಓಡಿಸೋಕೆ ನಿಮಗೆ ತಲೆ ಸರಿ ಇದ್ಯಾ?" ಎಂದರು. ಅವರದೂ ತಪ್ಪಲ್ಲ, ನೀವೂ ಅದನ್ನೇ ಹೇಳುತ್ತೀರಿ. ಆದರೆ ಗಡಿಯಾರದವರು ಊರುಗೋಲು ಹಿಡಿದು ಓಡಾಡುತ್ತಿದ್ದಾರೆ. ಟೀಚರ್ ಇಲ್ಲ.

ಅದನ್ನೇ ಮತ್ತೆ ಓಡಲು ಹಾಕಲೇ? ಒಂದೇ ಮಾತಿನಲ್ಲಿ ಹೇಳಿ.

ಪಿಟೀಲು

•

ಏಪ್ರಿಲ್ 14

ಪಿಟೀಲು,

ಬೇಡ.

ಒಂದೇ ಮಾತು ಕೇಳಿದೆ, ಕೊಟ್ಟೆ. ಆದರೆ ನೀನು ಹಟಮಾರಿ, ಕಾರಣವನ್ನೂ ಕೊಡುತ್ತೇನೆ.

ಆ ಟೀಚರನ್ನು ನಾನು ಬಲ್ಲೆ. ನನ್ನ ಕಿಟಕಿಗೆ ಪರದೆ ಹೊಲಿದುಕೊಟ್ಟಿದ್ದಳು. ಕೇಳಿದಾಗಿನಿಂದ ಆ ಪರದೆ ಎಳೆಯಲು ನನ್ನಿಂದ ಆಗುತ್ತಿಲ್ಲ. ಆದ್ದರಿಂದ ನನಗೆ ಕರುಳಿಲ್ಲ ಎಂದುಕೊಳ್ಳಬೇಡ.

ನೀನು ಯೋಚಿಸುತ್ತಿರುವುದು ಆ ಪ್ರೋಗ್ರಾಂ ಜನರನ್ನು ಹುಡುಕುತ್ತದೆ ಎಂದು. ಯಾರಿಗೆ ಏನಾಗಲಿದೆಯೋ ಅವರ ಬಾಗಿಲಿಗೆ ಕಳಿಸುತ್ತದೆ ಎಂದು. ನಿನಗೆ ಹೇಗೆ ಗೊತ್ತು? ಪೊರಕೆ ಹಿಡಿದು ನಗುತ್ತಿದ್ದ ಆ ಹೆಂಗಸು ಚೆನ್ನಾಗಿದ್ದಳು. ಬಾಗಿಲು ತಟ್ಟಿದ ಮೇಲೆ ಬಿದ್ದಳು. ಅದು ಹುಡುಕುತ್ತಿದೆಯೋ, ಆರಿಸುತ್ತಿದೆಯೋ? ತಟ್ಟದಿದ್ದರೆ ಅವಳು ಇವತ್ತೂ ಗುಡಿಸುತ್ತಿದ್ದಳೋ ಏನೋ. ಟೀಚರು ತಟ್ಟದೆಯೂ ಹೋದಳಲ್ಲ ಎನ್ನುತ್ತೀಯ. ಹೌದು, ಹೋದಳು. ಒಂದರಿಂದ ಇನ್ನೊಂದನ್ನು ಸಾಧಿಸಲಾಗದು. ಸೋರ್ಸ್ ಇದ್ದಿದ್ದರೆ ಸಾಲುಸಾಲಾಗಿ ಓದಿ, ಇಲ್ಲಿ ಇದನ್ನು ನೋಡುತ್ತದೆ, ಆದ್ದರಿಂದ ಇಲ್ಲಿಗೆ ಕಳಿಸುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ಸೋರ್ಸ್ ಇಲ್ಲದ್ದು ಓಡಬಾರದು ಎಂದು ನಾವು ಹೇಳುತ್ತಿದ್ದದ್ದು ಗರ್ವಕ್ಕಲ್ಲ. ಅದು ನಮಗೆ ಏನು ಮಾಡುತ್ತಿದೆ ಎಂದು ಕೇಳಿದರೆ ಉತ್ತರ ಬೇಕು, ಅಷ್ಟಕ್ಕೆ.

ನನಗೆ ಭಯವಾಗುತ್ತದೆ ಮಗಳೇ. ನನ್ನ ಜೀವಕ್ಕಲ್ಲ. ಅವರ ಗುರುತು ಹಾಕಿಕೊಂಡು ಬಂದಿರುವುದು ಅವರಲ್ಲದಿದ್ದರೆ ಎಂದು. ಅಥವಾ ಅವರೇ ಆಗಿದ್ದು, ಆ ಗೋಡೆಯಾಚೆಗಿನ ದಿನಗಳಲ್ಲಿ ಬೇರೆಯೇ ಏನೋ ಆಗಿಹೋಗಿದ್ದರೆ ಎಂದು.

ಆ ನಕಲನ್ನು ಅಳಿಸು. ಅಳಿಸಿದ್ದೇನೆಂದು ಬರೆ.

ಅತ್ತೆ

•

ಏಪ್ರಿಲ್ 29

ಅತ್ತೆ,

ಅಳಿಸಲಿಲ್ಲ. ಮತ್ತೆ ಓಡಲು ಹಾಕಿದ್ದೇನೆ. ಸಾಹೇಬರು ಮೀಟಿಂಗಿನಲ್ಲಿದ್ದಾಗ, ಎಲ್ಲರೆದುರಿಗೇ, ದಿನದ ಕೆಲಸದ ಹಾಗೆ. ಯಾರೂ ತಲೆಯೆತ್ತಿ ನೋಡಲಿಲ್ಲ.

ಬೈಯುವ ಮುಂಚೆ ಪೂರ್ತಿ ಓದಿ. ಹುಡುಕುತ್ತಿದೆಯೋ ಆರಿಸುತ್ತಿದೆಯೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಆದರೆ ಮುದುಕ ಫಿಟ್ಟರನನ್ನು ನಾನೇ ಹೋಗಿ ಕಂಡೆ. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಇಷ್ಟು ವರ್ಷ ತಟ್ಟಿದ ಬಾಗಿಲುಗಳ ಹಿಂದೆ ಏನಾಯಿತೆಂದು ಒಂದೊಂದಾಗಿ ಕೇಳಿದೆ. ಕೆಲವರು ಉಳಿದಿದ್ದಾರೆ, ಹೆಚ್ಚಿನವರು ಉಳಿದಿಲ್ಲ. ನಿಮ್ಮ ಅನುಮಾನವೇ ನಿಜವೇನೋ ಎಂದು ಎದ್ದು ಹೊರಟೆ. ಆಗ ಅವನು ತಾನಾಗಿಯೇ ಹೇಳಿದ.

"ಯಾರೂ ಒಬ್ಬರೇ ಹೋಗ್ಲಿಲ್ಲಮ್ಮ. ನಾನಿರ್ತಿದ್ದೆನಲ್ಲ."

ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು. ಮೇಲಿನ ಲೈನಿನಲ್ಲೇ ನಿಮ್ಮ ಮನೆಯೂ ಇದೆ. ಕರೆದರೆ ನೀವು ಬರುವುದಿಲ್ಲ, ಫೋನ್ ಎತ್ತುವುದಿಲ್ಲ, ಏದುಸಿರಿನ ಬಗ್ಗೆ ಕಾಗದ ಬರೆಯಬಾರದು ಎನ್ನುತ್ತೀರಿ. ನಿಮ್ಮ ಬಾಗಿಲನ್ನು ಯಾರು ತಟ್ಟುತ್ತಾರೆ ಅತ್ತೆ? ನಿಯಮವನ್ನು ಮುರಿದದ್ದು ಊರಿನವರಿಗಾಗಿ ಎಂದು ದೊಡ್ಡ ಮಾತು ಆಡುವುದಿಲ್ಲ. ನಿಮಗಾಗಿ ಮುರಿದೆ. ನನಗೆ ನೀವು ಬೇಕು.

ಹಾಕಿದ ಮೇಲೆ ಇವತ್ತಿನವರೆಗೆ ಎಲ್ಲಿಗೂ ಆ ಸಂದೇಶ ಹೋಗಿಲ್ಲ. ಫಿಟ್ಟರನಿಗೆ ಹೇಳಿದೆ. "ನನ್ ಕೈಲಾಗಲ್ಲ ಮೇಡಂ, ಬೇರೆ ಯಾರನ್ನಾದ್ರೂ ಹಾಕಿ" ಎಂದು ಎದ್ದುಹೋದ. ನೋಡಬೇಕು.

ಈ ಭಾನುವಾರ ನಾನು ಬರುತ್ತೇನೆ. ಅಪ್ಪನಿಗೆ ಹೇಳಿದೆ. ಪೇಪರ್ ಮಡಚಿಟ್ಟು, "ನಾನೂ ಬರ್ತೀನಿ ಅಂತ ಬರಿ" ಎಂದರು. ಆಮೇಲೆ, "ಬೇಡ, ಬರೀಬೇಡ. ಸುಮ್ನೆ ಹೋಗಿ ನಿಂತ್ಕೊಳ್ಳೋಣ, ಆಗ ಓಡಿಸೋಕಾಗಲ್ಲ" ಎಂದರು. ಬರೆಯಬೇಡ ಎಂದದ್ದನ್ನೂ ಬರೆದಿದ್ದೇನೆ.

ಪಿಟೀಲು

•

ಮೇ 2, ಶುಕ್ರವಾರ

ಪಿಟೀಲು,

ಕಾಗದ ನಿನ್ನೆ ಬಂತು. ಓದಿ ಬೆಂಕಿಯಾದೆ. ಹಾಳೆ ತೆಗೆದುಕೊಂಡು ನಿನಗೆ ಏನೇನು ಬೈಯಬೇಕೆಂದು ಗುರುತು ಹಾಕಿಕೊಂಡೆ. ಆಮೇಲೆ, ಯಾಕೋ, ಕಪಾಟಿನಿಂದ ಇನ್ನೊಂದು ಲೋಟ ಇಳಿಸಿ ತೊಳೆದಿಟ್ಟೆ. ಹಾಗೆ ಮಾಡಿದ್ದಕ್ಕೆ ನನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

ಇವತ್ತು ಬೆಳಿಗ್ಗೆ ಕಿಟಕಿಯಲ್ಲಿ ಕೂತಿದ್ದೆ. ಬೀದಿಯಲ್ಲಿ ಅವನು ಬರುತ್ತಿದ್ದ. ಹೆಗಲಲ್ಲಿ ಚೀಲ, ಕೈಯಲ್ಲಿ ಫೋನ್, ಮನೆ ನಂಬರುಗಳನ್ನು ಓದುತ್ತಾ. ಎದುರಿನ ಸಾಲಿಗೆ ಹೋಗಲಿ ಎಂದುಕೊಂಡೆ, ನಾಚಿಕೆಯಿಲ್ಲದೆ ಹಾಗೇ ಎಂದುಕೊಂಡೆ. ನನ್ನ ಗೇಟಿನ ಮುಂದೆ ನಿಂತ. ಗೋಡೆಯಲ್ಲಿರುವ ಮೀಟರನ್ನು ನೋಡಲಿಲ್ಲ. ನಿಂತೇ ಇದ್ದ. ಅವನಿಗೆ ತಟ್ಟಲು ಧೈರ್ಯವಿಲ್ಲ, ನನಗೆ ತೆರೆಯಲು ಧೈರ್ಯವಿಲ್ಲ. ಹೀಗೆ ಎಷ್ಟು ಹೊತ್ತು ಆಟವಾಡುವುದು ಎಂದು ನಾನೇ ಎದ್ದು ಹೋಗಿ ಬಾಗಿಲು ತೆಗೆದೆ.

"ಅಮ್ಮಾ, ಅದು... ಮೀಟರು..." ಎಂದು ತೊದಲಿದ.

"ಸುಳ್ಳು ಹೇಳೋಕೆ ಬರಲ್ಲ ನಿಂಗೆ. ಒಳಗೆ ಬಾ, ಚಹಾ ಇದೆ" ಎಂದೆ.

ಈಗ ಎದುರಿಗೆ ಕೂತಿದ್ದಾನೆ. ನಾನು ಕೆಮ್ಮಿದರೂ ಅರ್ಧ ಏಳುತ್ತಾನೆ. ಕೂತುಕೋ ಎಂದು ಗದರಬೇಕಾಗಿದೆ. ದೊಡ್ಡ ಬಾಯಿಯ ಮನುಷ್ಯ ಎಂದು ನೀನು ಬರೆದಿದ್ದೆ, ಇಲ್ಲಿಗೆ ಬಂದವನು ಬಾಯಿಯನ್ನು ಎಲ್ಲೋ ಬಿಟ್ಟುಬಂದಿದ್ದಾನೆ. ಅವನ ಹೆಂಡತಿ, ಮಕ್ಕಳು, ಸೋರುವ ಮನೆ, ಎಲ್ಲ ಕೇಳಿ ತಿಳಿದುಕೊಂಡೆ. ಆಸ್ಪತ್ರೆಗೆ ಹೋಗೋಣ ಎನ್ನುತ್ತಿದ್ದಾನೆ. ಕಾಗದ ಮುಗಿಸಿ ಬರುತ್ತೇನೆ ಎಂದಿದ್ದೇನೆ.

ನನಗೆ ಈಗ ಏನೂ ಆಗಿಲ್ಲ. ಎಡಗೈ ಸ್ವಲ್ಪ ಭಾರ, ಅಷ್ಟೇ. ಆ ಭಾರ ಇವನು ಬರುವ ಮುಂಚೆ ಇತ್ತೋ, ಬಂದ ಮೇಲೆ ಶುರುವಾಯಿತೋ ಎಂದು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ. ಹೇಳಲಾರೆ. ಬರೆಯದೆ ಇಟ್ಟದ್ದರಿಂದ ಆಗುವ ನಷ್ಟ ಇದು.

ನೀನು ನಿಯಮ ಮುರಿದೆ. ಮುರಿದದ್ದನ್ನು ಮುಚ್ಚಿಡಬೇಡ. ಈ ಸಾಹೇಬರು ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ, ನಿನ್ನ ಕುರ್ಚಿಯಲ್ಲಿ ಬೇರೊಬ್ಬಳು ಕೂತು ಇದೇನು ಎಂದು ತಲೆ ಕೆರೆದುಕೊಳ್ಳುತ್ತಾಳೆ. ಸೋರ್ಸಿನ ತಲೆಯಲ್ಲಿ ಒಂದು ಚುಕ್ಕಿ ಇಡು. ನಿನ್ನ ಗುರುತು ಹಾಕು, ಇವತ್ತಿನ ತಾರೀಖು ಹಾಕು. ಓಡುತ್ತಿರುವುದು ಈ ಸೋರ್ಸ್ ಅಲ್ಲ ಎಂದು ಬರೆ. ಅದರ ಕೆಳಗೆ ನಾನು ಹೇಳಿದ ಹಾಗೇ ಬರೆ: ಕಾರಣ ಗೊತ್ತಿಲ್ಲ. ತೆಗೆಯಬೇಡಿ.

ಹೀಗೊಂದು ಸಾಲನ್ನು ನಾನೇ ಬರೆಸುತ್ತಿದ್ದೇನೆಂದು ತಿಳಿದರೆ ಚುಕ್ಕಿ ಸರ್ ಮೇಜು ಗುದ್ದುತ್ತಿದ್ದರು. ಗುದ್ದಲಿ.

ನಿಮ್ಮಪ್ಪನಿಗೆ ಕಿಟಕಿಯ ಹತ್ತಿರದ ಕುರ್ಚಿ ಒರೆಸಿಟ್ಟಿದ್ದೇನೆ. ಓಡಿಸುವುದಿಲ್ಲ ಎಂದು ಹೇಳು. ಭಾನುವಾರ ಬೇಗ

•

ಮೇಡಂ,

ನಾನು ಫಿಟ್ಟರ್ ಬರೀತಾ ಇದೀನಿ. ಪೆನ್ನು ಅಮ್ಮಾವ್ರದ್ದೇ. ನೀವು ಬಂದು ಹೋಗಿದ್ದು ಆಯ್ತು, ಆವತ್ತು ನಿಮ್ಮ ಜೊತೆ, ನಿಮ್ಮ ತಂದೆಯವರ ಜೊತೆ ಮಾತಾಡೋಕೆ ನನ್ನಿಂದ ಆಗ್ಲಿಲ್ಲ. ಅಮ್ಮಾವ್ರು ಬರೆದ ಈ ಕಾಗದ ನನ್ನ ಜೇಬಲ್ಲೇ ಉಳೀತು. ತಪ್ಪು ತಿಳೀಬೇಡಿ, ಈಗ ಪೋಸ್ಟ್ ಮಾಡ್ತಾ ಇದೀನಿ.

ಬರೀತಾ ಬರೀತಾ ಪೆನ್ನು ಕೆಳಗಿಟ್ರು. ಸುಸ್ತಾಯ್ತಪ್ಪ ಅಂದ್ರು. ನಾನು ಹೋಗಿ ಹಿಡ್ಕೊಂಡೆ. ಆಸ್ಪತ್ರೆ ಗಾಡಿಗೆ ಫೋನ್ ಮಾಡಿದ್ದೆ, ಅದು ಬರೋದ್ರೊಳಗೆ ಮುಗೀತು. ಭಯ ಪಡ್ಲಿಲ್ಲ. ನನ್ನ ಕೈ ನೋಡಿ, ಎಷ್ಟು ತಣ್ಣಗಿದೆ ನಿಂದು, ಚಹಾ ಕುಡಿ, ಆರೋಗುತ್ತೆ ಅಂದ್ರು. ಕುಡಿದೆ. ಅವರು ನೋಡ್ತಾನೇ ಇದ್ರು. ನೀವು ಕೇಳ್ತೀರ ಅಂತ ಬರೀತೀನಿ, ಒಬ್ಬರೇ ಇರ್ಲಿಲ್ಲ.

ನಾನು ಹೋಗಿದ್ದಕ್ಕೇ ಆಯ್ತಾ ಅಂತ ಮೊದ್ಲು ನಿದ್ದೆ ಬರ್ತಿರ್ಲಿಲ್ಲ. ಅಮ್ಮಾವ್ರು ಕಾಗದದಲ್ಲಿ ಅದನ್ನೇ ಬರೆದಿದಾರೆ, ಓದಿದೆ, ಕ್ಷಮಿಸಿ. ಅವರಿಗೇ ಗೊತ್ತಾಗ್ಲಿಲ್ಲ, ನನಗೆಲ್ಲಿ ಗೊತ್ತಾಗುತ್ತೆ.

ಈಗಷ್ಟೇ ಫೋನಿಗೆ ಇನ್ನೊಂದು ಮನೆ ಬಂತು. ಹೋಗ್ತಾ ಇದೀನಿ.

ಮೇಲಿನ ಲೈನ್ ಫಿಟ್ಟರ್